ಅವ್ವ ಹೊಲಕ್ಕೆ ಹೋದ ಬೇಸಿಗೆಗಳು

ಬೆಳಕು ಹರಿಯುವ ಮೊದಲೇ ಆ ಬಿಳಿ ವ್ಯಾನು ನಮ್ಮ ಬೀದಿಯ ತಿರುವಿನಲ್ಲಿ ಬಂದು ನಿಲ್ಲುತ್ತಿತ್ತು. ಒಳಗೆ ಪಂಜಾಬಿನ ಅಜ್ಜಿಯರು ಒತ್ತಾಗಿ ಕೂತಿರುತ್ತಿದ್ದರು. ಇಳಕಲ್ ಸೀರೆಯ ಮೇಲೆ ನನ್ನ ಗಂಡನ ಹಳೆಯ ಜಾಕೆಟ್ ತೊಟ್ಟ ನಮ್ಮ ಅವ್ವ ಅವರ ನಡುವೆ ಹೋಗಿ ಕೂರುತ್ತಿದ್ದಳು. ವಿಮಾನ ನಿಲ್ದಾಣದ ಪಕ್ಕದ ನಮ್ಮ ಮಾಲ್ಟನ್ನಿನಿಂದ ಉತ್ತರಕ್ಕೆ ಒಂದು ತಾಸು ಹೋದರೆ ತರಕಾರಿ ಹೊಲಗಳು. ಅಲ್ಲಿ ದಿನವಿಡೀ ಉಳ್ಳಾಗಡ್ಡಿ ಕೀಳುವುದು, ಗಜ್ಜರಿ ತೊಳೆಯುವುದು, ಸಂಜೆ ಅದೇ ವ್ಯಾನಿನಲ್ಲಿ ಮನೆಗೆ. ವ್ಯಾನು ಹೊರಟ ಮೇಲೆ ನನಗೆ ಮತ್ತೆ ನಿದ್ದೆ ಬರುತ್ತಿರಲಿಲ್ಲ. ಅದರ ಹಿಂದಿನ ಸೀಟುಗಳಿಗೆ ಬೆಲ್ಟ್ ಇವೆಯೋ ಇಲ್ಲವೋ ಎಂದು ಯೋಚಿಸುತ್ತ ಮಲಗಿರುತ್ತಿದ್ದೆ.

ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ನಾನೇ ಈ ದೇಶಕ್ಕೆ ಕರೆಸಿಕೊಂಡಿದ್ದೆ. ಆಗ ನನ್ನ ಮಗಳಿಗೆ ಎರಡು ವರ್ಷ. ನಾನು ಬರ್ಲಿಂಗ್ಟನ್ನಿನ ಒಂದು ಬಣ್ಣದ ಫ್ಯಾಕ್ಟರಿಯ ಲ್ಯಾಬಿನಲ್ಲಿದ್ದೆ, ಗಂಡ ಏರ್‌ಪೋರ್ಟಿನ ಕಾರ್ಗೋದಲ್ಲಿ ಶಿಫ್ಟಿನ ಕೆಲಸಕ್ಕಿದ್ದರು. ಕೂಸನ್ನು ನೋಡಿಕೊಳ್ಳಲು ಬಂದ ಅವ್ವ ನಾಲ್ಕು ವರ್ಷ ಅದನ್ನು ಸೊಂಟದಿಂದ ಇಳಿಸಲಿಲ್ಲ. ಮೊಮ್ಮಗಳು ಇಡೀ ದಿನ ಶಾಲೆಗೆ ಹೋಗತೊಡಗಿದಾಗ ಮನೆಯಲ್ಲಿ ಅವ್ವನೊಬ್ಬಳೇ ಉಳಿದಳು. ವಿಮಾನಗಳು ಛಾವಣಿ ಸವರಿಕೊಂಡು ಇಳಿಯುವಾಗ ಅಡುಗೆಮನೆಯ ತಾಟುಗಳು ನಡುಗುತ್ತಿದ್ದವು. ಅವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನಿಲ್ಲುವುದೇ ಅವಳ ಕೆಲಸವಾಯಿತು.

ಪಾರ್ಕಿನ ಬೆಂಚಿನ ಮೇಲೆ ಅವಳಿಗೆ ಒಬ್ಬ ಗೆಳತಿ ಸಿಕ್ಕಳು. ಲುಧಿಯಾನಾ ಕಡೆಯ ಹೆಂಗಸು, ಅವ್ವನದೇ ವಯಸ್ಸು. ಮಗ ಟ್ರಕ್ ಓಡಿಸುತ್ತಿದ್ದ, ವಾರಗಟ್ಟಲೆ ಊರಲ್ಲಿರುತ್ತಿರಲಿಲ್ಲ. ಅವಳು ಪಂಜಾಬಿಯಲ್ಲಿ, ಅವ್ವ ಕನ್ನಡದಲ್ಲಿ, ಇಬ್ಬರೂ ತಾಸುಗಟ್ಟಲೆ ಮಾತಾಡುತ್ತಿದ್ದರು. ಅವ್ವ ಅವಳನ್ನು ‘ಬೆಹನ್‌ಜಿ’ ಎನ್ನುತ್ತಿದ್ದಳು. ಹೊಲದ ವ್ಯಾನಿನ ಸುದ್ದಿ ಅವಳಿಂದಲೇ ಬಂದದ್ದು.

“ನಾಳೆಯಿಂದ ನಾನೂ ಹೋಗತೀನಿ,” ಎಂದಳು ಅವ್ವ ಒಂದು ಸಂಜೆ ರೊಟ್ಟಿ ಬಡಿಯುತ್ತ.

“ಈ ವಯಸ್ಸಿನ್ಯಾಗ ಕೂಲಿ ಯಾಕವ್ವಾ? ಬೆನ್ನು ಹಿಡಿದ್ರ? ಬಿದ್ರ? ಅಲ್ಲೇ ಯಾರದಾರ ನೋಡಾಕ?”

“ಮಣ್ಣು ಮುಟ್ಟಿ ಭಾಳ ದಿನಾ ಆತು,” ಎಂದಳು. ಅಷ್ಟಕ್ಕೆ ಮಾತು ಮುಗಿಯಿತು.

ಅವಳ ಮಣ್ಣಿನ ಕತೆ ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ಮದುವೆಯಾದ ವರ್ಷವೇ ಅಪ್ಪ ಅಣ್ಣತಮ್ಮಂದಿರಿಂದ ಬೇರೆಯಾಗಿ, ತುಂಗಭದ್ರೆಯ ಕಾಲುವೆ ಬರಲಿದ್ದ ಬಯಲಿನಲ್ಲಿ ಬೀಳು ನೆಲ ಹಿಡಿದಿದ್ದರು. ಸುತ್ತ ಊರಿರಲಿಲ್ಲ, ಬಾವಿಯಿರಲಿಲ್ಲ. ಕಣ್ಣು ಹಾಯಿಸಿದಷ್ಟೂ ಜಾಲಿ ಕಂಟಿ. ಹದಿನೆಂಟರ ಅವ್ವ ಸೊಪ್ಪಿನ ಗುಡಿಸಲಲ್ಲಿ ಸಂಸಾರ ಹೂಡಿದಳು. ಹಗಲು ಅಪ್ಪನ ಜೊತೆ ಕಂಟಿ ಕಡಿದಳು, ಕರಿಕೆ ಹುಲ್ಲಿನ ಬೇರು ಅಗೆದಳು, ದೂರದ ಹಳ್ಳದಿಂದ ನೀರು ಹೊತ್ತಳು. ಕಾಲುವೆಗೆ ನೀರು ಬಂದಾಗ ಆ ಬಯಲಿನಲ್ಲಿ ಮೊದಲ ಭತ್ತ ನಾಟಿದ್ದು ಅವರ ಗದ್ದೆಯಲ್ಲೇ. ಆಮೇಲೆ ಬಂದ ಒಕ್ಕಲುಗಳ ಹೆಂಗಸರ ಬಾಣಂತನವೆಲ್ಲ ಅವ್ವನ ಕೈಯಲ್ಲೇ ಆಯಿತು. ನಾನು ಹುಟ್ಟುವ ಹೊತ್ತಿಗೆ ಅಲ್ಲಿ ಒಂದು ಓಣಿಯಿತ್ತು, ಬೇವಿನ ಗಿಡಗಳಿದ್ದವು. ಗುಡಿಸಲಿನ ವರ್ಷಗಳ ಬಗ್ಗೆ ಅವಳು ಹೆಚ್ಚು ಹೇಳುತ್ತಿರಲಿಲ್ಲ. ನಾನೂ ಕೇಳಿರಲಿಲ್ಲ.

ಅವ್ವ ಹೊಲಕ್ಕೆ ಹೋಗತೊಡಗಿದ ಎರಡನೆಯ ಬೇಸಿಗೆ ಮುಗಿಯುತ್ತ ಬಂದಿತ್ತು. ಆ ದಿನ ಮಧ್ಯಾಹ್ನದಿಂದ ಮಳೆ ಜಿಟಿಜಿಟಿ ಹಿಡಿದಿತ್ತು. ಆರು ಗಂಟೆಗೆ ಬರಬೇಕಿದ್ದ ವ್ಯಾನು ಏಳಾದರೂ ಬರಲಿಲ್ಲ. ಗಂಡ ಕೆಲಸದಲ್ಲಿದ್ದರು. ಎಂಟು ವರ್ಷದ ಮಗಳನ್ನು ಕೈಹಿಡಿದು, ಕೊಡೆ ಬಿಚ್ಚಿ ಡ್ರೈವರನ ಮನೆಗೆ ನಡೆದೆ. ಅವನ ಸೊಸೆ ಬಾಗಿಲು ತೆರೆದು, “ಟ್ರಾಫಿಕ್ ಹೋಗಾ, ಆಂಟಿ,” ಎಂದಳು, ದಾರಿಯಲ್ಲಿ ಟ್ರಾಫಿಕ್ ಇದ್ದೀತು ಎಂದು. ಅವಳ ಮುಖದಲ್ಲೂ ಗಾಬರಿಯಿತ್ತು. ಹೊಲದ ಹೆಸರೇನು, ಅಲ್ಲಿ ಫೋನಿದೆಯೇ ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಅವ್ವ ಎರಡು ಬೇಸಿಗೆ ದುಡಿದ ಜಾಗದ ಹೆಸರು ನನಗೂ ಗೊತ್ತಿಲ್ಲವಲ್ಲ ಎಂದು ಆಗ ಹೊಳೆಯಿತು.

ಅಲ್ಲೇ ಮೆಟ್ಟಿಲ ಮೇಲೆ ನಿಂತಿರುವಾಗ ವ್ಯಾನು ಬಂತು. ಗಾಲಿಗಳಿಗೆ ಮಣ್ಣು ಮೆತ್ತಿತ್ತು. ಅಜ್ಜಿಯರು ಒಬ್ಬೊಬ್ಬರಾಗಿ ಇಳಿದರು. ಅವ್ವ ಇಳಿಯಲಿಲ್ಲ, ಅವಳ ಗೆಳತಿಯೂ ಇಳಿಯಲಿಲ್ಲ. ನಾನು ಬಗ್ಗಿ ಒಳಗೆ ನೋಡಿದೆ. ಸೀಟಿನ ಕೆಳಗೆ ಅವಳ ಬುತ್ತಿಯ ಚೀಲವಿತ್ತು.

“ಅಂಬುಲೆನ್ಸ್ ಮೇ ಗಯೀ,” ಎಂದಳು ಒಬ್ಬಳು.

“ಕೌನ್ ಗಯೀ?”

“ದೋನೋ.” ಇಬ್ಬರೂ ಹೋಗಿದ್ದರು.

ಡ್ರೈವರನಿಗೂ ಪೂರ್ತಿ ಗೊತ್ತಿರಲಿಲ್ಲ. ಅವನು ಬೇರೆ ತುದಿಯ ಹೊಲದಲ್ಲಿದ್ದನಂತೆ. ಊಟದ ನಂತರ ಇಬ್ಬರಲ್ಲಿ ಒಬ್ಬಳು ಸಾಲಿನ ನಡುವೆ ಬಿದ್ದಳು, ಹೊಲದ ಮಾಲೀಕ ಅಂಬುಲೆನ್ಸ್ ಕರೆಸಿದ. ಅಷ್ಟು ಹೊತ್ತಿಗೆ ಮಳೆ ಜೋರಾಗಿ, ವ್ಯಾನು ಕೆಸರಲ್ಲಿ ಹೂತುಹೋಗಿ, ಟ್ರ್ಯಾಕ್ಟರು ಬಂದು ಎಳೆಯುವುದರೊಳಗೆ ಸಂಜೆಯಾಯಿತು. ಬಿದ್ದವಳು ಯಾರೆಂದು ಕೇಳಿದರೆ ಒಬ್ಬಳು ಅವ್ವನ ಹೆಸರು ಹೇಳಿದಳು, ಇನ್ನೊಬ್ಬಳು ಅಲ್ಲವೆಂದಳು. ಆಸ್ಪತ್ರೆ ಯಾವ ಊರಿನಲ್ಲಿದೆ ಎಂಬುದಷ್ಟೇ ಡ್ರೈವರನಿಗೆ ಖಾತ್ರಿಯಿತ್ತು. ಗೆಳತಿಯ ಮಗನಿಗೆ ಫೋನ್ ಮಾಡಿಸುತ್ತೇನೆ, ಆದರೆ ಅವನು ಟ್ರಕ್ ತಗೊಂಡು ದೂರದ ವಿನ್ನಿಪೆಗ್ ಕಡೆ ಹೋಗಿದ್ದಾನೆ ಎಂದ.

ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೆದ್ದಾರಿ ಹಿಡಿದೆ. ವೈಪರ್ ಎಷ್ಟು ವೇಗವಾಗಿ ತಿರುಗಿದರೂ ಮುಂದಿನ ಕಾರಿನ ಕೆಂಪು ದೀಪ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಎಲ್ಲಿ ನೋವೆಂದು ಯಾರಿಗೆ ಹೇಳಿಯಾಳು? ಬಿಪಿ ಗುಳಿಗೆ ತಗೊಂಡಿದ್ದಳೋ ಇಲ್ಲವೋ? ತನ್ನ ಹೆಸರಾದರೂ ಅವರಿಗೆ ತಿಳಿಯುವಂತೆ ಹೇಳಿದಳೋ?

“ಈಸ್ ಅಜ್ಜಿ ಗೋಯಿಂಗ್ ಟು ಡೈ?” ಎಂದಳು ಮಗಳು.

“ಇಲ್ಲ ಪುಟ್ಟಾ. ಸುಮ್ಮನ ಕೂಡು.”

“ಯು ಡೋಂಟ್ ನೋ,” ಎಂದಳು.

ಆಸ್ಪತ್ರೆಯ ಕೌಂಟರಿನಲ್ಲಿ ಸೀರೆ ಉಟ್ಟ ಮುದುಕಿ ಎನ್ನುತ್ತಲೇ ಅಲ್ಲಿದ್ದ ಹುಡುಗಿ ಎದ್ದು ನಿಂತಳು. ಉದ್ದನೆಯ ದಾರಿಯಲ್ಲಿ ನಡೆಸಿ ಒಂದು ಪರದೆ ಸರಿಸಿದಳು. ಮಂಚದ ಮೇಲೆ ಮಲಗಿದ್ದವಳು ಗೆಳತಿ. ಮೂಗಿಗೆ ನಳಿಕೆ, ಬಾಯಿ ಒಂದು ಕಡೆಗೆ ವಾಲಿತ್ತು. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವ್ವ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿದ್ದು ಹಾಗೇ ಇತ್ತು, ಮೀನಖಂಡದವರೆಗೂ ಒಣಗಿದ ಕರಿಮಣ್ಣು. ಗೆಳತಿಯ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಿದ್ದಳು.

ನನ್ನನ್ನು ನೋಡಿ ಅವಳು ಕೇಳಿದ್ದು, “ಕೂಸು ಉಂಡೈತೇನ?”

ನರ್ಸ್ ಹೇಳಿದಳು: ಇವರನ್ನು ಹೊರಗೆ ಕೂರಿಸಲು ಬಹಳ ಪ್ರಯತ್ನಪಟ್ಟೆವು, ಕೈ ಬಿಡಲೇ ಇಲ್ಲ. ಆಮೇಲೆ, “ಈಸ್ ಶಿ ದ ಸಿಸ್ಟರ್?” ಎಂದು ಕೇಳಿದಳು. ಇಲ್ಲವೆಂದರೆ ಅವ್ವನನ್ನು ಎಬ್ಬಿಸುತ್ತಾರೇನೋ ಅನಿಸಿತು. “ಯೆಸ್,” ಎಂದೆ.

ಗೆಳತಿಯ ಸೊಸೆ ಕೆಲಸ ಬಿಟ್ಟು ಅಲ್ಲಿಗೆ ಬಂದು ಮುಟ್ಟಿದ ಮೇಲೆಯೇ ಅವ್ವ ಕುರ್ಚಿಯಿಂದ ಎದ್ದದ್ದು. ಮನೆಗೆ ಹೊರಟಾಗ ಮಳೆ ನಿಂತಿತ್ತು. ಮಗಳು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ನನ್ನ ಹೆದರಿಕೆ ಸಿಟ್ಟಾಗಿ ಹೊರಬಂತು.

“ಒಂದು ಫೋನ್ ಮಾಡಸಬಾರದಾ? ಜೀವ ಬಾಯಾಗ ಬಂದಿತ್ತು ನನಗ.”

“ನಂಬರ ಹೇಳಿದ್ನೆವಾ. ಕನ್ನಡದಾಗ ಹೇಳಿದೆ. ಯಾರಿಗೂ ತಿಳೀಲಿಲ್ಲ.”

ಸ್ವಲ್ಪ ದೂರ ಹೋದ ಮೇಲೆ, “ನೀ ಯಾಕ ಅಂಬುಲೆನ್ಸ್ ಹತ್ತಿದಿ? ಆಸ್ಪತ್ರಿಯವರು ನೋಡ್ಕೊತಿದ್ರಲ್ಲ,” ಎಂದೆ.

ಅವ್ವ ಕಿಟಕಿಯ ಹೊರಗೆ ನೋಡುತ್ತ ಹೇಳತೊಡಗಿದಳು. “ಗುಡಿಸಲದಾಗ ಇದ್ದಾಗ, ಮೊದಲನೇ ವರ್ಷ, ನಿಮ್ಮಪ್ಪ ಬೀಜಾ ತರಾಕ ಹೋಗಿದ್ದ. ಮಳಿ ಹತ್ತಿ ಹಳ್ಳ ಬಂತು. ಅಂವಗ ಈ ಕಡೆ ದಾಟಾಕ ಆಗಲಿಲ್ಲ. ನನಗ ದಿನಾ ತುಂಬಿರಲಿಲ್ಲ, ಆದ್ರೂ ಬ್ಯಾನಿ ಸುರುವಾತು. ಕೂಗಿದೆ. ಕೇಳವರು ಯಾರಿದ್ರು ಅಲ್ಲೇ?”

ನಾನು ಕಾರಿನ ವೇಗ ಇಳಿಸಿದೆ.

“ಹೆಣ್ಣು ಹುಟ್ಟಿತ್ತು. ಅತ್ತಿತ್ತು ಸೈತ. ನಿಮ್ಮಪ್ಪ ಬರೂದ್ರಾಗ ಹೋಗಿತ್ತು. ಸಾಯೂದಕ್ಕ ಅಂಜಿರಲಿಲ್ಲ ನಾ. ಹಂತ್ಯಾಕ ಒಂದು ಮನಷ್ಯಾ ಇಲ್ಲಲ್ಲ ಅಂತ ಅಂಜಿದ್ದೆ. ಇವತ್ತ ಆಕಿ ಕಣ್ಣಾಗ ಅದ ಕಂಡಿತು. ಹೆಂಗ ಬಿಟ್ಟು ಬರಲಿ?”

ನನಗಿಂತ ಮೊದಲು ಒಬ್ಬಳು ಹುಟ್ಟಿದ್ದಳು ಎಂಬುದು ನನ್ನ ಮೂವತ್ತೆಂಟನೆಯ ವಯಸ್ಸಿನಲ್ಲಿ, ಆ ಹೆದ್ದಾರಿಯಲ್ಲಿ ತಿಳಿಯಿತು. ಚಿಕ್ಕಂದಿನಲ್ಲಿ ನಾನು ಕಾಲುವೆಯ ದಂಡೆಗೆ ಆಡಲು ಹೋದರೆ ಅವ್ವ ಕೈಕೆಲಸ ಬಿಟ್ಟು ಓಡಿ ಬರುತ್ತಿದ್ದಳು, ಕೆಮ್ಮಿದರೆ ರಾತ್ರಿಯಿಡೀ ಎದೆ ಮುಟ್ಟಿ ನೋಡುತ್ತಿದ್ದಳು. ಅವಳ ಆ ಅಂಜಿಕೆಯೇ ನನ್ನಲ್ಲೂ ಇಳಿದಿದೆ. “ನನಗ ಯಾಕ ಹೇಳಲಿಲ್ಲವ್ವಾ?” ಎಂದೆ. “ಹೇಳಿದ್ರ ನೀ ಅಂಜತಿದ್ದಿ. ಮೊದಲ ಅಂಜಬುರಕಿ,” ಎಂದಳು.

ಗೆಳತಿ ಬದುಕಿದಳು. ಎಡಗೈ ಸ್ವಾಧೀನ ತಪ್ಪಿತು, ಮಾತು ತೊದಲಿತು. ಇನ್ನಾದರೂ ಅವ್ವ ಹೊಲದ ಹುಚ್ಚು ಬಿಟ್ಟಾಳು ಎಂದು ನಾನು ಸಮಾಧಾನಪಟ್ಟೆ. ಮುಂದಿನ ಮೇ ತಿಂಗಳಲ್ಲಿ ಜಾಕೆಟ್ ಒಗೆದು ಒಣಹಾಕಿದಳು. ಬೇಡವೆಂದು ಗೋಗರೆದೆ, ಮಾತು ಬಿಟ್ಟೆ, ಏನೂ ನಡೆಯಲಿಲ್ಲ. ಕೊನೆಗೆ ಹೊಲದ ಫೋನ್ ನಂಬರು ಬರೆಸಿಕೊಂಡೆ. ಮಗಳು ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು ನಮ್ಮ ಮನೆಯ ನಂಬರನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸಿದಳು. “ಸಿಕಸ್ ಅಲ್ಲ ಅಜ್ಜಿ, ಸಿಕ್ಸ್. ಸೇ ಇಟ್ ಅಗೇನ್.” ಅವ್ವ ರೊಟ್ಟಿ ಬಡಿಯುವಾಗಲೂ ಅದನ್ನೇ ಗೊಣಗುತ್ತಿದ್ದಳು.

ಇನ್ನೂ ಮೂರು ಬೇಸಿಗೆ ಹೋದಳು. ಆ ಮೂರು ಬೇಸಿಗೆಯೂ ಲ್ಯಾಬಿನಲ್ಲಿ ಫೋನ್ ರಿಂಗಾದಾಗಲೆಲ್ಲ ನನ್ನ ಕೈ ನಿಂತುಹೋಗುತ್ತಿತ್ತು. ಏನೂ ಆಗಲಿಲ್ಲ. ನಾಲ್ಕನೆಯ ವರ್ಷ ಮಂಡಿ ಮಡಚಲಾಗದೆ ತಾನೇ ನಿಲ್ಲಿಸಿದಳು. ಡ್ರೈವರನಿಗೆ ಅದನ್ನು ಹೇಳಿ ಬಂದ ದಿನ ಊಟ ಮಾಡಲಿಲ್ಲ.

ಅಷ್ಟರಲ್ಲಿ ಗೆಳತಿಯ ಮಗ ಪಕ್ಕದ ಬ್ರಾಂಪ್ಟನ್ನಿನಲ್ಲಿ ಮನೆ ಮಾಡಿದ್ದ. ವಾರಕ್ಕೊಮ್ಮೆ ಅವ್ವನನ್ನು ಅಲ್ಲಿಗೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸವಾಯಿತು. ಅವ್ವ ಅವಳ ಎಡಗೈಗೆ ಎಣ್ಣೆ ತಿಕ್ಕುತ್ತಿದ್ದಳು. ಈಗ ಇಬ್ಬರಲ್ಲಿ ಒಬ್ಬಳದು ತೊದಲು, ಇನ್ನೊಬ್ಬಳದು ಕನ್ನಡ. ಮಾತಿಗೆ ಮೊದಲಿನಂತೆಯೇ ಕೊನೆಯಿರುತ್ತಿರಲಿಲ್ಲ. ಮಗಳು ಕಾರು ಕಲಿತ ಮೇಲೆ ಅಜ್ಜಿಯನ್ನು ತಾನೇ ಕರೆದೊಯ್ಯುತ್ತೇನೆಂದು ಹಟ ಹಿಡಿದಳು. ಹೆದ್ದಾರಿ ಬೇಡ, ಒಳರಸ್ತೆ ಹಿಡಿ, ಎಡಕ್ಕೆ ತಿರುಗುವಾಗ ನಿಧಾನ ಎಂದು ನಾನು ಡ್ರೈವ್‌ವೇಯಲ್ಲಿ ನಿಂತು ಹೇಳುತ್ತಲೇ ಇದ್ದೆ. “ಮಾಮ್, ರಿಲ್ಯಾಕ್ಸ್,” ಎಂದಳು ಮಗಳು.

ಅವ್ವ ಕಿಟಕಿಯ ಗಾಜು ಇಳಿಸಿ, “ಒಳಗ ಹೋಗವಾ, ಥಂಡಿ ಐತಿ,” ಎಂದಳು. ಕಾರು ಹಿಂದಕ್ಕೆ ಸರಿದು ಬೀದಿಗಿಳಿಯಿತು.