ಮಹಾರಾಜನಿಗೆ ಒಂದು ಗಡಿಗೆ ಮಣ್ಣು

ನಮ್ಮ ದ್ವೀಪದ ಕುಂಬಾರ ಮಿಕ್ಕೋಸ್ ಯುದ್ಧಕ್ಕೆ ಹೋದವನೇ ಅಲ್ಲ. ಎಡಗಾಲು ತುಸು ಗಿಡ್ಡ. ಅವನು ಈಟಿ ಹಿಡಿದರೆ ಈಟಿಯೇ ಅವನನ್ನು ಹಿಡಿದು ನಿಲ್ಲಿಸಿದಂತೆ ಕಾಣುತ್ತಿತ್ತು. ಆದರೂ ಪರ್ಷಿಯದ ಮಹಾರಾಜನಿಗೂ ಗ್ರೀಕರಿಗೂ ನಡೆದ ಆ ಮಹಾಸಮರದಲ್ಲಿ ನಮ್ಮ ಊರಿನ ಕಡೆಯಿಂದ ಬಿದ್ದ ವೀರ ಅವನೊಬ್ಬನೇ.

ಸಮರ ನಮ್ಮ ಊರಿಗೆ ಕಾಲಿಟ್ಟದ್ದು ಬೇಸಿಗೆಯ ಒಂದು ಬೆಳಿಗ್ಗೆ, ದೂತನೊಬ್ಬನ ರೂಪದಲ್ಲಿ. ಗಡ್ಡಕ್ಕೆ ಸುಗಂಧದ ಎಣ್ಣೆ, ಕಾಲಿಗೆ ಬಣ್ಣದ ಚಲ್ಲಣ. ಅವನು ಕೇಳಿದ್ದು ಹೆಚ್ಚೇನಲ್ಲ: ಒಂದು ಗಡಿಗೆ ಮಣ್ಣು, ಒಂದು ಗಡಿಗೆ ನೀರು. ಕೊಟ್ಟ ಊರು ಮಹಾರಾಜನದು, ಕೊಡದ ಊರು ಬೂದಿ.

ಊರಿನ ಹನ್ನೆರಡು ಹಿರಿಯರು ಸಭೆ ಸೇರಿದರು. ಕೊಡುವುದೋ ಬಿಡುವುದೋ ಎಂಬುದು ದೂತ ಪಾದರಕ್ಷೆಯ ಮರಳು ಕೊಡವಿಕೊಳ್ಳುವುದರೊಳಗೆ ತೀರ್ಮಾನವಾಯಿತು. ಇಡೀ ಮಧ್ಯಾಹ್ನ ನುಂಗಿದ್ದು ಇನ್ನೊಂದು ಪ್ರಶ್ನೆ: ಮಣ್ಣು ಯಾರ ಹೊಲದ್ದು?

"ನನ್ನ ಹೊಲದ್ದು ಯಾಕೆ? ನಾಳೆ ಅವನು ಬಂದು, ಇದು ನನ್ನದು ಏಳಯ್ಯಾ ಮೇಲೆ ಅಂದ್ರೆ?" ಎಂದ ಒಬ್ಬ.

"ಗುಡಿಯ ಅಂಗಳದ್ದು ಕೊಡೋಣ."

"ದೇವರನ್ನೇ ಪರ್ಷಿಯಕ್ಕೆ ಕಳಿಸ್ತೀಯೇನೋ, ಕತ್ತೆ!"

ದೂತ ಹೊರಗೆ ಕೂತು ನಮ್ಮ ಅಂಜೂರವನ್ನೆಲ್ಲ ಖಾಲಿ ಮಾಡುತ್ತಿದ್ದ. ಕೊನೆಗೆ ಹಿರಿಯರಲ್ಲೇ ಹಿರಿಯ, ಎಣ್ಣೆಗಾಣದ ಫಿಲಾಗ್ರೋಸ್ ಎದ್ದು, ನೆಟ್ಟಗೆ ಮಿಕ್ಕೋಸ್ ಗಡಿಗೆ ಸುಡುವ ಆವಿಗೆಯ ಬಳಿಗೆ ಬಂದ. ಮಿಕ್ಕೋಸನ ಹೆಂಡತಿ ಮೆಲಿನ್ನಾ ಅವನ ತಂಗಿ.

"ಮಿಕ್ಕೋಸ್, ನಿನ್ನ ದ್ರಾಕ್ಷಿ ತೋಟದಿಂದ ಒಂದು ಗಡಿಗೆ ಮಣ್ಣು ಬೇಕು ಕಣೋ. ಬಾವಿಯಿಂದ ಒಂದು ಗಡಿಗೆ ನೀರು."

"ನನ್ನದೇ ಯಾಕೆ ಭಾವ? ಕಣದಷ್ಟಗಲ ಇಲ್ಲ ಅದು."

"ಅದಕ್ಕೇ! ಅಷ್ಟು ಚಿಕ್ಕದನ್ನ ಮಹಾರಾಜ ಹುಡುಕಿಕೊಂಡು ಬರ್ತಾನಾ? ಗಡಿಗೇನೂ ನಿನ್ನದೇ ಆದರೆ ಚೆಂದ. ನಾಳೆ ಯಾರಾದರೂ ಕೇಳಿದರೆ ನಾನಿದ್ದೀನಿ. ಕೊಟ್ಟಿದ್ದು ಊರು, ಮಿಕ್ಕೋಸ್ ಬರೀ ಹೊತ್ತು ತಂದ ಅಂತ ಎಲ್ಲರೆದುರು ಹೇಳ್ತೀನಿ. ಕಡಲ ದೇವರು ಪೊಸೈಡಾನನ ಆಣೆ."

ಮೆಲಿನ್ನಾ ಒಳಗಿನಿಂದಲೇ ಕೂಗಿದಳು: "ರೀ, ನಮ್ಮಣ್ಣ ತನ್ನ ಹೊಲದ ಕಲ್ಲನ್ನೂ ಯಾರಿಗೂ ಕೊಟ್ಟೋನಲ್ಲ. ಯೋಚನೆ ಮಾಡಿ!"

ಮಿಕ್ಕೋಸ್ ಯೋಚಿಸಿದ. ಊರಿನ ಪರವಾಗಿ ಒಬ್ಬರು ತನ್ನ ಬಾಗಿಲಿಗೆ ಬಂದದ್ದು ಅವನ ಜೀವಮಾನದಲ್ಲಿ ಅದೇ ಮೊದಲು. ಅಷ್ಟಕ್ಕೇ ಉಬ್ಬಿಹೋಗಿ, ಇದ್ದುದರಲ್ಲೇ ಚೆಂದದ ಎರಡು ಗಡಿಗೆ ಆರಿಸಿಕೊಂಡು ಗುದ್ದಲಿ ಎತ್ತಿದ. ಮಹಾರಾಜನಿಗೆ ಹೋಗುವ ಮಣ್ಣಲ್ಲವೇ ಎಂದು ಕಲ್ಲುಗಳನ್ನೂ ಆರಿಸಿ ತೆಗೆದ.

ಆ ವರ್ಷದ ದ್ರಾಕ್ಷಿ ಸುಗ್ಗಿ ಮುಗಿಯುವಷ್ಟರಲ್ಲಿ ಸಲಾಮಿಸ್‌ನ ಕಡಲಲ್ಲಿ ಮಹಾರಾಜನ ಹಡಗುಗಳು ನುಚ್ಚುನೂರಾದವು. ಗೆದ್ದ ಅಥೆನ್ಸಿನವರು ದ್ವೀಪದಿಂದ ದ್ವೀಪಕ್ಕೆ ತಿರುಗುತ್ತ, ಶತ್ರುವಿಗೆ ಮಣ್ಣು ಕೊಟ್ಟವರು ಯಾರೆಂದು ವಿಚಾರಿಸತೊಡಗಿದರು. ನಮ್ಮ ದಡಕ್ಕೂ ಬಂದರು. ಊರೆಲ್ಲ ಬಯಲಲ್ಲಿ ನೆರೆಯಿತು. ಮೂಗು ಮುರಿದ ಒಬ್ಬ ನಾಯಕ ಕೇಳಿದ:

"ಈ ಊರು ಮಣ್ಣು ಕೊಟ್ಟಿದೆಯೋ?"

ಮಿಕ್ಕೋಸ್ ನೆಮ್ಮದಿಯಿಂದ ಭಾವನ ಮುಖ ನೋಡಿದ. ಫಿಲಾಗ್ರೋಸ್ ಮುಂದೆ ಬಂದು ಗಂಟಲು ಸರಿಮಾಡಿಕೊಂಡ.

"ಊರಾ? ಛೆ ಛೆ! ನನ್ನ ಹೊಲ ನೋಡಿ, ಇವರ ಹೊಲ ನೋಡಿ, ಒಂದು ಗುಳಿಯಾದರೂ ಇದೆಯಾ ಸ್ವಾಮಿ? ಇರೋದು ಒಂದೇ ತೋಟದಲ್ಲಿ." ಬೆರಳು ನಿಧಾನವಾಗಿ ತಂಗಿಯ ಗಂಡನತ್ತ ತಿರುಗಿತು. "ಹೇಳೋಕೆ ನಾಚಿಕೆಯಾಗುತ್ತೆ. ನಮ್ಮ ಮನೆಯವನೇ."

"ಭಾವ! ಏನು ಹೇಳ್ತಿದ್ದೀರಿ?"

ಫಿಲಾಗ್ರೋಸ್ ಅವನನ್ನು ತಬ್ಬಿಕೊಂಡ. ಜನಕ್ಕೆ ಕಂಡದ್ದು ದುಃಖ. ಮಿಕ್ಕೋಸನ ಕಿವಿಗೆ ಬಿದ್ದದ್ದು ಬೇರೆ. "ಸುಮ್ಮನಿರೋ. ಇಲ್ಲದಿದ್ದರೆ ಊರನ್ನೇ ಸುಡ್ತಾರೆ. ಹಡಗು ಹೋಗಲಿ, ಎಲ್ಲರಿಗೂ ನಿಜ ಹೇಳ್ತೀನಿ."

ಮಿಕ್ಕೋಸ್ ತಲೆಯಾಡಿಸಿ ಹಿಂದಕ್ಕೆ ಸರಿದ.

ನಾಯಕ ತೀರ್ಪು ಕೊಟ್ಟ: ಆ ತೋಟ ಪರ್ಷಿಯದ ನೆಲ, ಅದನ್ನು ಅಗೆದು ಸಮುದ್ರಕ್ಕೆ ಸುರಿಯಿರಿ. ಆಗ ನಡೆಯಿತು ನೋಡಿ, ಆ ಇಡೀ ಯುದ್ಧದಲ್ಲಿ ನಮ್ಮ ದ್ವೀಪ ಮಾಡಿದ ಏಕೈಕ ಕಾಳಗ! ಎಂಬತ್ತು ಜನ ಗುದ್ದಲಿ, ಸಲಿಕೆ, ಬುಟ್ಟಿ ಹಿಡಿದು, ರಣಗೀತೆ ಹಾಡುತ್ತ, ಕಣದಷ್ಟಗಲದ ತೋಟದ ಮೇಲೆ ಏರಿಹೋದರು. ಮೂವತ್ತು ದ್ರಾಕ್ಷಿ ಬಳ್ಳಿಗಳು ಒಂದು ಹೆಜ್ಜೆಯನ್ನೂ ಹಿಂದಿಡದೆ ನಿಂತಲ್ಲೇ ಬಿದ್ದವು. ನಮ್ಮ ಕಡೆ ಗಾಯಗೊಂಡವನು ಒಬ್ಬ; ಪಕ್ಕದವನ ಗುದ್ದಲಿ ಅವನ ಹೆಬ್ಬೆರಳಿಗೆ ತಾಗಿತ್ತು. ಮೊದಲ ಗುದ್ದಲಿ ಹಾಕಿದವನು ಫಿಲಾಗ್ರೋಸ್. ಸಂಜೆಗೆ ಬರೀ ಬಂಡೆ ಉಳಿಯಿತು. ಬಾವಿಗೆ ಕಲ್ಲು ತುಂಬಿದರು. ಮಿಕ್ಕೋಸನಿಗೆ ಊರ ಸಭೆಯಲ್ಲಿ ಜಾಗ ಹೋಯಿತು, ಗುಡಿಯ ಬಾಗಿಲು ಮುಚ್ಚಿತು, ಹಬ್ಬದ ಬಲಿಯ ಮಾಂಸದಲ್ಲಿ ಪಾಲು ತಪ್ಪಿತು.

ಹಡಗು ಹೋಯಿತು. ಮಿಕ್ಕೋಸ್ ಭಾವನ ಮನೆಗೆ ಹೋದ.

"ಈಗ ಬೇಡವೋ. ಇನ್ನೂ ಬಿಸಿ ಆರಿಲ್ಲ," ಎಂದ ಫಿಲಾಗ್ರೋಸ್.

ಆಮೇಲೆ ಚಳಿಗಾಲ ಕಳೆಯಲಿ ಎಂದ. ಆಮೇಲೆ ಮಗಳ ಮದುವೆ ಆಗಲಿ ಎಂದ. ಊರಿನವರು ಮಿಕ್ಕೋಸನಿಂದ ಗಡಿಗೆ ಕೊಳ್ಳುವುದನ್ನು ಬಿಟ್ಟರು. ಅವನು ಪರವೂರಿನ ನಾವಿಕರಿಗೆ ಮಾರಿ ಬಾರ್ಲಿ ರೊಟ್ಟಿ ಕಂಡ. ಮಾತಿನ ಮಲ್ಲರು ದಾರಿಯಲ್ಲಿ ಅಡ್ಡಬಿದ್ದು, "ಮಹಾರಾಜರು ಹೇಗಿದ್ದಾರೆ ಮಿಕ್ಕೋಸ್? ಮನೆಯಲ್ಲಿ ಎಲ್ಲರೂ ಸೌಖ್ಯವೇ?" ಎನ್ನುತ್ತಿದ್ದರು. ಅಥೆನ್ಸಿನ ಹಡಗು ಬಂದಾಗಲೆಲ್ಲ ಫಿಲಾಗ್ರೋಸ್ ಅವನನ್ನು ಕೈಹಿಡಿದು ದಡಕ್ಕೆ ಕರೆದೊಯ್ದು, "ಇವನೇ ನಮ್ಮ ದ್ರೋಹಿ. ಇನ್ನೊಬ್ಬ ಇಲ್ಲ," ಎಂದು ತೋರಿಸುತ್ತಿದ್ದ, ಒಳ್ಳೆಯ ತಳಿಯ ಹೋರಿಯನ್ನು ತೋರಿಸಿದಂತೆ.

"ನಮ್ಮಣ್ಣ ನಿಜ ಹೇಳಲ್ಲ ಕಣ್ರೀ," ಎನ್ನುತ್ತಿದ್ದಳು ಮೆಲಿನ್ನಾ. "ಬೇರೆ ದ್ವೀಪಕ್ಕೆ ಹೋಗೋಣ."

"ಪೊಸೈಡಾನನ ಆಣೆ ಮಾಡಿದ್ದಾನಲ್ಲೇ. ಒಂದೇ ಮಾತು. ಅದನ್ನ ಕೇಳದೆ ಹೋದರೆ ನಾನು ನಿಜವಾಗಿಯೂ ದ್ರೋಹಿಯಾಗಿ ಹೋದಂತೆ."

ಹೀಗೆ ಹತ್ತೊಂಬತ್ತು ವರ್ಷ. ಕೊನೆಗೊಂದು ದಿನ ಫಿಲಾಗ್ರೋಸ್ ಹಾಸಿಗೆ ಹಿಡಿದು, ಉಸಿರು ಮೇಲೆ ಕೆಳಗೆ ಆಗತೊಡಗಿದಾಗ, ಹೇಳಿ ಕಳಿಸಿದ: ಹಿರಿಯರೆಲ್ಲ ಬರಲಿ, ಮಿಕ್ಕೋಸನೂ ಬರಲಿ, ಒಂದು ಮಾತು ಹೇಳುವುದಿದೆ.

ಮಿಕ್ಕೋಸ್ ಕೈಯ ಮಣ್ಣು ಒರೆಸಿಕೊಂಡ. ಮುಖ ತೊಳೆದ, ಇದ್ದ ನಾಲ್ಕು ಕೂದಲಿಗೆ ಎಣ್ಣೆ ಹಚ್ಚಿದ. ಮೆಲಿನ್ನಾ ಒಗೆದ ಹೊದಿಕೆಯನ್ನು ತಾನೇ ಹೊದಿಸಿ ಜೊತೆಗೆ ನಡೆದಳು. ಮನೆ ತುಂಬ ಜನ. ಕಿಟಕಿಯಲ್ಲೂ ತಲೆಗಳು. ಎಲ್ಲರೂ ದಾರಿ ಬಿಟ್ಟರು. ಹತ್ತೊಂಬತ್ತು ವರ್ಷದಲ್ಲಿ ಅವನಿಗೆ ಯಾರೂ ದಾರಿ ಬಿಟ್ಟಿರಲಿಲ್ಲ.

ಫಿಲಾಗ್ರೋಸ್ ಅವನ ಕೈ ಹಿಡಿದುಕೊಂಡ. ಕಣ್ಣಲ್ಲಿ ನಿಜವಾದ ನೀರು.

"ಎಲ್ಲರೂ ಕೇಳಿ," ಎಂದ, ಉಸಿರೆಳೆದುಕೊಂಡು. "ಇವನು ಮಾಡಿದ್ದು ದೊಡ್ಡ ತಪ್ಪು. ಆದರೂ ಸಾಯೋ ಹೊತ್ತಲ್ಲಿ ನಾನು ಇವನನ್ನ ಕ್ಷಮಿಸಿದ್ದೀನಿ."

ಕೋಣೆಯಲ್ಲಿದ್ದವರೆಲ್ಲ ಬಿಕ್ಕಿದರು. ಎಂಥ ದೊಡ್ಡ ಮನಸ್ಸು ಎಂದು ಯಾರೋ ಮೂಗೊರೆಸಿಕೊಂಡರು. ಮಿಕ್ಕೋಸ್ ಬಗ್ಗಿ, ಭಾವನ ಕಣ್ಣಲ್ಲಿ ಕಣ್ಣಿಟ್ಟು ಕಪಟದ ಒಂದು ಎಳೆಯಾದರೂ ಇದೆಯೇ ಎಂದು ಹುಡುಕಿದ. ಇರಲಿಲ್ಲ. ಅಷ್ಟು ವರ್ಷ ಹೇಳಿ ಹೇಳಿ ಫಿಲಾಗ್ರೋಸ್ ಅದನ್ನು ನಂಬಿಬಿಟ್ಟಿದ್ದ.

"ಕೃತಜ್ಞತೆ ಹೇಳೋ, ನಿರ್ಭಾಗ್ಯ!" ಎಂದು ಹಿಂದಿನಿಂದ ಒಬ್ಬ ಹಿರಿಯ ತಿವಿದ.

ಮಿಕ್ಕೋಸ್ ಕೈ ಬಿಡಿಸಿಕೊಳ್ಳಲು ನೋಡಿದ. ಸಾಯುವವನ ಹಿಡಿತ ಗಟ್ಟಿಯಾಗಿತ್ತು. ಮೆಲಿನ್ನಾ ಬಂದು ಅಣ್ಣನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.