ಬರಿಪಾತ್ರೆ

ಶಿಕಾರಿಪುರದಿಂದ ಸೊರಬದ ಶಾಲೆಗೆ ವರ್ಗವಾದಾಗ, ಇನ್ನು ಮೇಲೆ ಕಡಿಮೆ ಸಾಮಾನಿನಲ್ಲಿ ಬದುಕಬೇಕೆಂದು ತೀರ್ಮಾನಿಸಿದೆ. ಸರಳ ಜೀವನದ ಬಗ್ಗೆ ಮಕ್ಕಳಿಗೆ ಭಾಷಣ ಬಿಗಿದದ್ದೂ ಆಗಿತ್ತು. ಒಂಟಿ ಮನುಷ್ಯನಿಗೆ ಅಷ್ಟೊಂದು ಹಿತ್ತಾಳೆ ತಪ್ಪಲೆ ಯಾಕೆ? ನೆರೆಹೊರೆಗೆ ಹಂಚಿಬಿಟ್ಟೆ. ಬರಿಪಾತ್ರೆ ಕೊಡಬಾರದಲ್ಲ, ಒಂದೊಂದರಲ್ಲೂ ಒಂದು ಅಚ್ಚು ಬೆಲ್ಲ ಇಟ್ಟೆ. ಎಡವಿದ್ದು ಅಲ್ಲೇ.

ಮರುದಿನ ಬಸ್ಸಿಗೆ ಹೊರಟು ನಿಂತಿದ್ದೇನೆ, ಪಕ್ಕದ ಮನೆಯ ಗಿರಿಜಮ್ಮ ತಪ್ಪಲೆ ಹಿಡಿದು ಬಂದರು.

"ಬೆಲ್ಲ ಭಾಳ ಚಲೋ ಇತ್ತು ಮೇಷ್ಟ್ರೇ. ತಗೊಳ್ರಿ ನಿಮ್ಮ ಪಾತ್ರೆ. ಬರಿದು ಹೆಂಗ್ ಕೊಡಾದು ಅಂತ ಉಪ್ಪಿನಕಾಯಿ ಹಾಕೀನಿ."

ಅವರ ಹಿಂದೆಯೇ ಉಳಿದ ಪಾತ್ರೆಗಳೂ ಅವಲಕ್ಕಿ, ಚಟ್ನಿಪುಡಿ ತುಂಬಿಕೊಂಡು ಬಂದವು. ಪಾತ್ರೆಯೂ ನಿಮಗೇ ಎನ್ನಲು ಬಾಯಿ ತೆರೆದೆ. ಕೊಟ್ಟ ಉಪ್ಪಿನಕಾಯಿ ಬೇಡ ಅಂದ ಹಾಗಾಗುತ್ತದಲ್ಲ ಎಂದು ಮುಚ್ಚಿಕೊಂಡೆ.

"ಸೊರಬದಾಗೆ ಪಾತ್ರೆ ಅಂಗಡಿ ಇಡ್ತೀರೇನ್ರಿ?" ಎಂದ ಕಂಡಕ್ಟರ್, ಎಲ್ಲವನ್ನೂ ಬಸ್ಸಿನ ಮೇಲೆ ಹೇರುತ್ತಾ.

ಸೊರಬದಲ್ಲಿ ಎಚ್ಚರ ವಹಿಸಿದೆ. ದೊಡ್ಡ ತಪ್ಪಲೆಯನ್ನು ತೊಳೆದು, ಬೆಲ್ಲ ಗಿಲ್ಲ ಏನೂ ಇಡದೆ, ಎದುರು ಮನೆಯ ಅಜ್ಜಿಯ ಮುಂದೆ ಹಿಡಿದೆ. ನಾನು ಬಾಯಿ ಬಿಡುವ ಮೊದಲೇ ಅಜ್ಜಿ, "ಅಕ್ಕಿ ತೀರಿದ್ರೆ ಕೇಳಕ್ಕೆ ಎಂತ ಸಂಕೋಚ ಮಾರಾಯ್ರೆ!" ಎನ್ನುತ್ತಾ ಒಳಗೆ ಹೋಗಿ, ತಪ್ಪಲೆ ತುಂಬಾ ಅಕ್ಕಿ ತಂದುಕೊಟ್ಟರು.

ಅದನ್ನು ಬೇಯಿಸಲು ನನ್ನಲ್ಲಿ ಪಾತ್ರೆಗೇನೂ ಬರವಿರಲಿಲ್ಲ.