ಶಲಬಿಯ್ಯಾ ನಂಬದ ಕಾಗದ

ನಮ್ಮ ಕಫ್ರ್ ಗುಮ್ಮೇಜ್ ಹಳ್ಳಿಯಲ್ಲಿ ಶಲಬಿಯ್ಯಾಳಷ್ಟು ಅನುಮಾನದ ಹೆಂಗಸು ಇನ್ನೊಬ್ಬಳಿರಲಿಲ್ಲ. ನೈಲ್ ನದಿಗೆ ಹೊಸ ನೀರು ಬಂದರೆ, ಇದು ನಮ್ಮ ಪಾಲಿನದೋ ಮೇಲೂರಿನವರು ಬಳಸಿ ಬಿಟ್ಟದ್ದೋ ಎಂದು ಮೂಸಿ ನೋಡಿ ಆಮೇಲೆ ಕೊಡ ಮುಳುಗಿಸುವಳು. ಬೆಳಿಗ್ಗೆ ಸೂರ್ಯ ಮೂಡಿದರೆ, ನಿನ್ನೆಯದನ್ನೇ ತೊಳೆದು ಕಳಿಸಿದ್ದಾರೆ ಎನ್ನುವಳು. ಅವಳ ಮನೆಯ ಎಮ್ಮೆ ಕೂಡ ಹುಲ್ಲನ್ನು ತಿರುವಿ ಹಾಕಿ ಪರೀಕ್ಷಿಸದೆ ಬಾಯಿಗಿಡುತ್ತಿರಲಿಲ್ಲ. ಎಲ್ಲ ಸಹವಾಸದಿಂದ ಬಂದದ್ದು.

ಮೊದಲು ಹುಟ್ಟಿದ ಗಂಡುಮಕ್ಕಳೆಲ್ಲ ತೊಟ್ಟಿಲಲ್ಲೇ ತೀರಿಕೊಂಡಿದ್ದರಿಂದ, ಕೊನೆಯವನು ಹುಟ್ಟಿದಾಗ ಅವಳು ನಮ್ಮ ಕಡೆಯ ತಾಯಂದಿರು ಮಾಡುವ ಉಪಾಯವನ್ನೇ ಮಾಡಿದಳು. ಅವನಿಗೆ ಶಹ್ಹಾತ್ ಎಂದು ಹೆಸರಿಟ್ಟಳು. ಅಂದರೆ ಭಿಕ್ಷುಕ. ಭಿಕ್ಷುಕನ ಮೇಲೆ ಯಾರ ಕಣ್ಣು ತಾನೆ ಬಿದ್ದೀತು? ಕಣ್ಣೇನೋ ಬೀಳಲಿಲ್ಲ. ದೇಶ ಆಳುವ ಪಾಷಾನ ದಂಡಿಗೆ ಆಳು ಹಿಡಿಯುವವರು ಬಿದ್ದರು. ಮದುವೆಯಾಗಿ ಗೋರಂಟಿ ಬಣ್ಣ ಮಾಸುವ ಮೊದಲೇ ಅವನ ಕೊರಳಿಗೆ ಹಗ್ಗ ಬಿಗಿದು ಎಳೆದುಕೊಂಡು ಹೋಗಿ, ಸಮುದ್ರದಾಚೆ ಕ್ರೀಟ್ ದ್ವೀಪದ ಯುದ್ಧಕ್ಕೆ ದಾಟಿಸಿಬಿಟ್ಟರು. ಮನೆಯಲ್ಲಿ ಉಳಿದವರು ಶಲಬಿಯ್ಯಾ ಮತ್ತು ಸೊಸೆ ವಹೀಬಾ.

ಅಪರೂಪಕ್ಕೊಮ್ಮೆ ಕಾಗದ ಬರುವುದು. ಅಲ್ಲಿ ಬರೆಯುವವನು ಪಲ್ಟನಿನ ಗುಮಾಸ್ತ. ಇಲ್ಲಿ ಓದುವವನು ಮಕ್ಕಳಿಗೆ ಕುರಾನು ಕಲಿಸುವ ಶೇಖ್ ಅಬ್ದುಲ್ ಮೌಗೂದ್. ಕೇಳುವುದಕ್ಕೆ ಅವಳ ಜಗಲಿಯ ಮೇಲೆ ಇಡೀ ಊರು. ಯಾಕೆಂದರೆ ಕಾಗದದ ತುಂಬ ಸಲಾಮುಗಳೇ. ತಾಯಿಗೆ, ಕ್ಷೌರಿಕನಿಗೆ, ನೀರೆತ್ತುವ ಯಂತ್ರದ ಕತ್ತೆಗೆ, ದೋಣಿ ನಡೆಸುವ ನನಗೆ. ಒಮ್ಮೆ ಹೆಸರು ಬಿಟ್ಟುಹೋಯಿತೆಂದು ಈರುಳ್ಳಿ ಮಾರುವವನು ಅತ್ತದ್ದಕ್ಕೆ ಅವನ ಹೊಲಕ್ಕೆ ಆ ವರ್ಷ ಬೇರೆ ನೀರು ಬೇಕಾಗಲಿಲ್ಲ. ಎಂದೂ ಬಾರದ ಹೆಸರು ಹೆಂಡತಿಯದು. ಮರ್ಯಾದಸ್ಥ ಗಂಡಸು ಹೆಂಡತಿಯ ಹೆಸರನ್ನು ಪರರ ಕಿವಿಗೆ ಹಾಕುತ್ತಾನೆಯೆ? ‘ಮನೆಯವರಿಗೆ ಸಲಾಮು’, ಅಷ್ಟೇ. ಅಷ್ಟಕ್ಕೇ ಬಾಗಿಲ ಹಿಂದೆ ವಹೀಬಾಳ ಬಳೆ ಸದ್ದಾಗುವುದು.

ಒಂದು ಮಧ್ಯಾಹ್ನ ಕಾಗದವನ್ನು ಕೈಯಲ್ಲೇ ಹಿಡಿದುಕೊಂಡು ಒಬ್ಬ ಹವಾಲ್ದಾರ ಬಂದ. ಹೆಸರು ದರ್ಬಾಲಾ. ಅವನ ಮೀಸೆಯ ಒಂದೊಂದು ತುದಿಯಲ್ಲೂ ಒಂದೊಂದು ಕಾಗೆ ಸಂಸಾರ ಹೂಡಬಹುದಿತ್ತು. ಶೇಖ್ ಓದತೊಡಗಿದರು. ಶಹ್ಹಾತ್ ಯುದ್ಧದಿಂದ ಮರಳಿದ್ದಾನೆ, ಈಗ ದಮಿಯಾತ್ ಬಂದರಿನ ದಂಡಿನಲ್ಲಿದ್ದಾನೆ ಎಂಬಲ್ಲಿಗೆ ಬಂದವರು ತಟ್ಟನೆ ನಿಲ್ಲಿಸಿ ಕೆಮ್ಮಿದರು.

“ನುಂಗ್ಬೇಡಿ ಶೇಖರೇ, ಮುಂದಕ್ಕೆ ಓದಿ,” ಎಂದಳು ಶಲಬಿಯ್ಯಾ.

“‘ನನ್ನ ಹೆಂಡತಿ… ವಹೀಬಾಳನ್ನು ಈ ಹವಾಲ್ದಾರನ ಜೊತೆ ಕಳಿಸಿಕೊಡುವುದು.’”

ಊರಿಗೆ ಊರೇ ತಲೆ ತಗ್ಗಿಸಿ ನೆಲ ನೋಡಿತು. ಶಲಬಿಯ್ಯಾ ಕಾಗದ ಕಿತ್ತುಕೊಂಡಳು. ಓದು ಬಾರದವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮೂಸಿ, “ಇದು ನನ್ನ ಮಗಂದಲ್ಲ,” ಎಂದಳು.

“ಅಮ್ಮಾ, ನನ್ನ ಕಣ್ಣೆದುರಿಗೇ ಬರೆಸಿದ್ದು ಕಣಮ್ಮಾ,” ಎಂದ ಹವಾಲ್ದಾರ.

“ನಿನ್ನ ಕಣ್ಣೆದುರಿಗೆ ಬರೆಸಿದ್ದೋ, ನೀನೇ ಬರೆಸಿದ್ದೋ? ನನ್ನ ಮಗ ಸತ್ತಿದಾನೆ. ಸಾಯೋವಾಗ ಜ್ವರದಲ್ಲಿ ಹೆಂಡ್ತಿ ಹೆಸರು ಬಡಬಡಿಸಿದಾನೆ, ನೀನು ಪಕ್ಕದಲ್ಲಿ ಕೂತು ಕೇಳಿಸ್ಕೊಂಡಿದೀಯ. ಈಗ ಮೀಸೆ ತಿರುವ್ಕೊಂಡು ಅವಳನ್ನ ಹಾರಿಸ್ಕೊಂಡು ಹೋಗಕ್ಕೆ ಬಂದಿದೀಯ!”

ನಾವು ಯಾರೂ ನಗಲಿಲ್ಲ. ಅವಳ ಮಾತು ಮೊದಲ ಬಾರಿಗೆ ಎಲ್ಲರ ಮನಸ್ಸಿಗೂ ನಾಟಿತ್ತು. ಬೇರೆ ಹಳ್ಳಿಗಳಲ್ಲಿ ಹಾಗೆ ಕರೆಸಿಕೊಂಡ ಸೊಸೆಯಂದಿರು ಎಲ್ಲಿಗೆ ಹೋದರೋ ಇಂದಿಗೂ ತಿಳಿದಿಲ್ಲ. ಕ್ಷೌರಿಕ ಹವಾಲ್ದಾರನಿಂದ ಒಂದು ಗೇಣು ದೂರ ಸರಿದು ಕೂತ.

“ನಂಬೋದೂ ಬಿಡೋದೂ ನಿಮಗೆ ಬಿಟ್ಟಿದ್ದು,” ಎಂದ ದರ್ಬಾಲಾ. “ಪಲ್ಟನ್ ಈ ತಿಂಗಳು ಕಳೆದರೆ ಸೂಡಾನಿಗೆ ಹೊರಡತ್ತೆ. ಹೆಂಡ್ರು ಬಂದವರಿಗೆ ಹೆಂಡ್ರನ್ನೂ ಕರ್ಕೊಂಡು ಹೋಗೋ ಅಪ್ಪಣೆ ಇದೆ. ಅಲ್ಲಿಂದ ಕಾಗದ ಗೀಗದ ಏನೂ ಬರಲ್ಲ.”

ಬಾಗಿಲ ಹಿಂದಿನಿಂದ ವಹೀಬಾಳ ದನಿ ಬಂತು. ಅಲ್ಲಿಯವರೆಗೆ ನಾವು ಯಾರೂ ಆ ದನಿ ಕೇಳಿರಲಿಲ್ಲ. “ಅತ್ತೇ, ನಾನು ಹೋಗ್ತೀನಿ.”

“ಯಾರ ಜೊತೆ? ಈ ಮೀಸೆ ಜೊತೇನಾ?”

“ನಿಮ್ ಜೊತೆ.”

ಹೀಗೆ ನನ್ನ ದೋಣಿ ಹೊರಟಿತು. ಶಲಬಿಯ್ಯಾ ಸೊಸೆಗೂ ಹವಾಲ್ದಾರನಿಗೂ ನಡುವೆ ಕೋಟೆಗೋಡೆಯ ಹಾಗೆ ಕೂತಳು. ಅವನು ಕೊಟ್ಟ ಖರ್ಜೂರವನ್ನು ಮೊದಲು ಅವನಿಗೇ ತಿನ್ನಿಸಿ, ಸಾಯುತ್ತಾನೇನೋ ಎಂದು ಕಾದು ನೋಡಿದಳು. ಅವನು ಸಾಯದಿದ್ದಾಗ, ವಿಷ ಒಗ್ಗಿಹೋಗಿರುವ ಆಸಾಮಿ ಎಂದು ಸೊಸೆಯ ಕಿವಿಯಲ್ಲಿ ಹೇಳಿದಳು. ಆಮೇಲೆ ನನ್ನ ಸರದಿ.

“ಏ ದೋಣಿಯವನೇ, ನಾವು ದಮಿಯಾತ್ ಕಡೆಗೇ ಹೋಗ್ತಿದೀವಿ ಅನ್ನೋದಕ್ಕೆ ಏನು ಸಾಕ್ಷಿ?”

“ಹೊಳೆ ಅತ್ಲಾಗೇ ಹರೀತಿದೆಯಲ್ಲಮ್ಮಾ.”

“ಹೊಳೆ ನಿನ್ನ ಕಡೇದೇ. ಅದು ಬಿಟ್ಟು ಬೇರೆ ಸಾಕ್ಷಿ ಹೇಳು.”

ದಮಿಯಾತ್ ಮುಟ್ಟಿದ ಕೂಡಲೇ ದರ್ಬಾಲಾ ಸಾಹೇಬರಿಗೆ ವರದಿ ಒಪ್ಪಿಸಲು ಮುಂದೆ ಹೋದ. ದಂಡಿನ ಬಾಗಿಲಲ್ಲಿ ಗುಮಾಸ್ತ ಚಾಪೆಯ ಮೇಲೆ ಕೂತು ಸೌತೆಕಾಯಿ ಕಡಿಯುತ್ತಿದ್ದ. ಶಹ್ಹಾತನನ್ನು ನೋಡಬೇಕು ಎಂದು ಶಲಬಿಯ್ಯಾ ಹೇಳಿದಾಗ ಅವನು ನಕ್ಕು, ಒಳಗೆ ತಿರುಗಿ ಹೆಸರು ಕೂಗಿದ. ಒಂದು ಹಿಂಡು ಓಡಿಬಂತು! ಉದ್ದನೆಯವರು, ಗಿಡ್ಡನೆಯವರು, ಒಕ್ಕಣ್ಣಿನವರು, ಎಲ್ಲರೂ ಶಹ್ಹಾತರೇ. ದೇಶದ ತಾಯಂದಿರೆಲ್ಲ ಒಂದೇ ಉಪಾಯ ಮಾಡಿದ್ದರು. ಪಾಷಾನ ರಾಜ್ಯವನ್ನು ಕಾಯುತ್ತಿರುವವರು ಬರೀ ಭಿಕ್ಷುಕರೇ ಎಂದು ನನಗೆ ಗೊತ್ತಾದದ್ದು ಆವತ್ತು.

“ಎಲ್ಲರೂ ‘ಮನೆಯವರನ್ನ ಕಳಿಸಿ’ ಅಂತಲೇ ಬರೆಸೋರು,” ಎಂದ ಗುಮಾಸ್ತ, ಶಲಬಿಯ್ಯಾ ಚಾಚಿದ ಕಾಗದ ನೋಡಿ. “ಈ ಶಹ್ಹಾತನ ಮನೆಯವರು ಬಂದು ಆ ಶಹ್ಹಾತನ ಗುಡಿಸಲಲ್ಲಿ ಇಳಿದ್ರು. ಆ ರಂಪ ಕೇಳ್ಬೇಡಿ. ಅದಕ್ಕೇ ಸಾಹೇಬರ ಹುಕುಂ ಆಯ್ತು, ಹೆಂಡ್ತಿ ಹೆಸರು ಹೇಳದೆ ಇದ್ರೆ ಕಾಗದ ಇಲ್ಲ. ವಹೀಬಾಳ ಶಹ್ಹಾತ ಅಂತೂ ಬಾಯೇ ಬಿಡಲಿಲ್ಲ. ಸೂಡಾನ್ ಸುದ್ದಿ ಬಂದ್ಮೇಲೆ ಹೇಳ್ದ. ನನ್ನ ಕಿವೀಲಿ, ಅಳ್ತಾ ಅಳ್ತಾ.”

ಶಲಬಿಯ್ಯಾ ಸಾಲಿನುದ್ದಕ್ಕೂ ಒಂದೊಂದೇ ಮುಖ ನೋಡುತ್ತ ಹೋದಳು. ಇವನಲ್ಲ. ಇವನೂ ಅಲ್ಲ. ಸಾಲು ಮುಗಿದಾಗ ಅವಳ ಮುಖ ಬೂದಿಯಾಗಿತ್ತು. “ನಾನು ಹೇಳ್ಲಿಲ್ವಾ?” ಎಂದಳು, ಯಾರಿಗೂ ಕೇಳಿಸದ ಹಾಗೆ.

“ತಾಳಮ್ಮಾ, ಬಾವಿ ಹತ್ರ ಇನ್ನೊಬ್ಬ ಇದಾನೆ,” ಎಂದ ಗುಮಾಸ್ತ.

ಬಂದವನು ಸೊರಗಿದ ಆಳು. ಮುಖದ ತುಂಬ ಸಿಡುಬಿನ ಕಲೆ, ಗಡ್ಡದಲ್ಲಿ ಆಗಲೇ ನರೆ. ವಹೀಬಾ ಮುಸುಕಿನೊಳಗೇ ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು.

“ಇವನಲ್ಲ,” ಎಂದಳು ಶಲಬಿಯ್ಯಾ. “ನನ್ನ ಮಗ ಕೋಣನ ಹಾಗಿದ್ದ.”

ಅವನೂ ಹತ್ತಿರ ಬರಲಿಲ್ಲ. ದೂರದಲ್ಲೇ ನಿಂತು ಕಣ್ಣು ಕಿರಿದು ಮಾಡಿಕೊಂಡು ಅವಳನ್ನು ಅಳೆದ. “ಹಮ್ದಾನ್ ಮಾವ ಯಾವಾಗ ಸತ್ತ?” ಎಂದ.

ಹಮ್ದಾನ್ ಎಂದರೆ ಶಲಬಿಯ್ಯಾಳ ಅಣ್ಣ. ಶಹ್ಹಾತ್ ದಂಡಿಗೆ ಹೋದ ವರ್ಷವೇ ಅವನು ತೀರಿಕೊಂಡಿದ್ದ. ದಂಡಿನಲ್ಲಿರುವವನಿಗೆ ಸಾವಿನ ಸುದ್ದಿ ಬರೆಯುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಅವಳು ಮಗನಿಗೆ ಬರೆಸಿದ ಪ್ರತಿ ಉತ್ತರದಲ್ಲೂ ಅಣ್ಣನನ್ನು ಬದುಕಿಸಿ ಇಟ್ಟಿದ್ದಳು.

“ಯಾರು ಹೇಳಿದ್ದು ನಿಂಗೆ?” ಎಂದಳು ಗಾಬರಿಯಾಗಿ.

“ನೀನೇ. ಮಾವ ನನ್ನ ಎರಡೂ ಕೆನ್ನೆಗೆ ಮುತ್ತು ಕಳಿಸಿದಾನೆ ಅಂತ ಬರೆಸಿದ್ಯಲ್ಲ. ಬದುಕಿದ್ದಾಗ ಆ ಮುದುಕ ನನಗೆ ಕೊಟ್ಟಿದ್ದು ಬರೀ ಬೈಗುಳ, ಕೋಲಿನೇಟು. ಮುತ್ತು ಅಂದ ಕೂಡ್ಲೇ ತಿಳ್ಕೊಂಡೆ, ಹೋದ ಅಂತ. ಆಮೇಲೆ ನಿದ್ದೆ ಬರಲಿಲ್ಲ ಅಮ್ಮಾ. ಮಾವನ್ನ ಮುಚ್ಚಿಟ್ಟೋಳು ಇನ್ನ್ಯಾರನ್ನ ಮುಚ್ಚಿಟ್ಟಿದಾಳೋ ಅಂತ. ಮನೆಯವರು ಚೆನ್ನಾಗಿದಾರೆ ಅಂತ ನೀನು ಬರೆಸ್ದಷ್ಟೂ ಹೆದರಿಕೆ ಆಗೋದು. ಅದಕ್ಕೇ ಕಳಿಸು ಅಂದೆ. ಕಣ್ಣಲ್ಲಿ ನೋಡ್ಬೇಕಿತ್ತು.”

ಕ್ರೀಟಿನಿಂದ ಸೂಡಾನಿನ ತನಕ ಜರಡಿ ಹಿಡಿದರೂ ಅಷ್ಟು ದೊಡ್ಡ ಅನುಮಾನ ಅವಳದ್ದಲ್ಲದೆ ಇನ್ನೊಂದು ಹೊಟ್ಟೆಯಲ್ಲಿ ಹುಟ್ಟಿರಲು ಸಾಧ್ಯವಿರಲಿಲ್ಲ. ಶಲಬಿಯ್ಯಾ ಇದ್ದಲ್ಲೇ ಮಣ್ಣಿನ ಮೇಲೆ ಕುಸಿದು ಕೂತಳು. ವಹೀಬಾ ಅವಳನ್ನು ದಾಟಿಕೊಂಡು ಮುಂದೆ ಹೋಗಿ ಅವನೆದುರು ನಿಂತಳು. ಮುಸುಕನ್ನು ಸ್ವಲ್ಪ ಸರಿಸಿದಳು. ಅವನು ನೋಡಿದ. ಉಳಿದ ಶಹ್ಹಾತರೆಲ್ಲ ಬೆನ್ನು ತಿರುಗಿಸಿ ನಿಂತರು.

ಮರುದಿನ ಗಾಳಿ ತಿರುಗಿತು. ನಾನು ಹಾಯಿ ಬಿಚ್ಚಿ ಶಲಬಿಯ್ಯಾಳಿಗಾಗಿ ಕಾದೆ. ಅವಳು ದಡಕ್ಕೆ ಬಂದಳು, ದೋಣಿ ಹತ್ತಲಿಲ್ಲ.

“ಎಮ್ಮೇನ ನಿನ್ನ ಹೆಂಡ್ತಿ ನೋಡ್ಕೊಳ್ಲಿ. ಹಾಲಿಗೆ ನೀರು ಹಾಕ್ಬೇಡಿ, ನಂಗೆ ಗೊತ್ತಾಗತ್ತೆ.”

“ನೀನೆಲ್ಲಿಗಮ್ಮಾ?”

“ಅದೇನೋ ಸೂಡಾನ್ ಅಂತಿದಾರಲ್ಲ, ಅಲ್ಲಿಗೆ. ಗುಮಾಸ್ತನ ಹತ್ರ ಒಪ್ಪಿಗೆ ತಗೊಂಡಿದೀನಿ.”

“ಈ ವಯಸ್ಸಲ್ಲಾ? ಊರಲ್ಲಿದ್ದು ಕಾಗದ ಕಾಯ್ಬಾರ್ದಾ?”

“ಅಲ್ಲಿಂದ ಬರಲ್ಲ ಅಂದ್ನಲ್ಲ ಆ ಮೀಸೆ. ಬಂದ್ರೂ ಕಾಗದ ನಂಬೋರು ಯಾರು?” ಎಂದವಳು ತಿರುಗಿ ಗುಡಿಸಲುಗಳ ಕಡೆ ನಡೆದುಬಿಟ್ಟಳು.

ನಾನು ಒಬ್ಬನೇ ಊರಿಗೆ ಬಂದು ಜಗಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಶೇಖ್ ಅಬ್ದುಲ್ ಮೌಗೂದ್ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ಆಮೇಲೆ ದೋಣಿಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, “ನಿಜ ಹೇಳಪ್ಪಾ, ಆ ಇಬ್ಬರನ್ನೂ ಎಲ್ಲಿ ಮುಳುಗಿಸಿ ಬಂದೆ?” ಎಂದರು.